ಚಿನ್ನದ ಗಣಿಯ ಆಳದಲ್ಲಿ ನ್ಯೂಟ್ರಿನೊ: ಕೆಜಿಎಫ್ ಭೂಗರ್ಭ ಪ್ರಯೋಗಶಾಲೆಯ ನಾಲ್ಕು ದಶಕ

1965ರ ಆಗಸ್ಟ್ 15ರಂದು ಹೊರಬಂದ 'ಫಿಸಿಕ್ಸ್ ಲೆಟರ್ಸ್' ಪತ್ರಿಕೆಯಲ್ಲಿ ಹನ್ನೊಂದು ಮಂದಿ ವಿಜ್ಞಾನಿಗಳ ಹೆಸರು ಹೊತ್ತ ಒಂದು ಚಿಕ್ಕ ಲೇಖನವಿತ್ತು. ಆಗಿನ ಮೈಸೂರು ರಾಜ್ಯದ ಕೋಲಾರ ಚಿನ್ನದ ಗಣಿಯಲ್ಲಿ (ಕೆಜಿಎಫ್), ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳು ಬಂಡೆಗೆ ಬಡಿದು ಬಿಟ್ಟ ಗುರುತನ್ನು ಕಂಡಿದ್ದೇವೆ ಎಂದು ಅದು ವರದಿ ಮಾಡಿತು. ಪ್ರಕೃತಿಯಲ್ಲಿ ತಾನಾಗಿ ಉಂಟಾದ ಹೆಚ್ಚಿನ ಶಕ್ತಿಯ ನ್ಯೂಟ್ರಿನೊ ಸಿಕ್ಕಿದೆ ಎಂದು ಜಗತ್ತಿಗೆ ಅಚ್ಚಿನಲ್ಲಿ ತಿಳಿಸಿದ ಮೊದಲ ಲೇಖನ ಅದು. ಆ ಹನ್ನೊಂದು ಮಂದಿಯಲ್ಲಿ ಒಬ್ಬರು ನಮ್ಮ ನಂಜನಗೂಡಿನವರು, ಬದನವಾಳು ವೆಂಕಟಸುಬ್ಬ ಶ್ರೀಕಂಠನ್. ಮೈಸೂರಿನ ಸರಸ್ವತಿಪುರಂ ಪಕ್ಕದಲ್ಲೇ ಹಾದುಹೋಗುವ ಚಾಮರಾಜನಗರದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಅವರ ಊರು ಸಿಗುತ್ತದೆ.

2025ನೇ ಇಸವಿ ಶ್ರೀಕಂಠನ್ ಅವರ ಜನ್ಮಶತಮಾನದ ವರ್ಷ. ಆ ಲೇಖನಕ್ಕೂ ಅದೇ ವರ್ಷ ಅರವತ್ತು ತುಂಬಿತು. ಹೀಗಾಗಿ ಈ ಸಂಚಿಕೆಯಲ್ಲಿ ಆ ಪ್ರಯೋಗಶಾಲೆಯ ಕಥೆಗೆ ಜಾಗ ಸಿಕ್ಕಿರುವುದು ನ್ಯಾಯವಾಗಿದೆ. ಅದು ಹುಟ್ಟಿದ್ದು, ಬೆಳೆದದ್ದು, ಮುಚ್ಚಿದ್ದು ಎಲ್ಲವೂ ಕನ್ನಡನಾಡಿನ ನೆಲದಲ್ಲಿ. ಆದರೂ ಮೈಸೂರಿನಲ್ಲಿ ಬಿಎಸ್ಸಿ ಓದುವ ಹುಡುಗ ಹುಡುಗಿಯರಿಗೆ ಜಪಾನಿನ ಕಮಿಯೊಕಾಂಡೆ ಪ್ರಯೋಗ ಗೊತ್ತಿರುವಷ್ಟು ಕೆಜಿಎಫ್ ಗೊತ್ತಿಲ್ಲ. ಈ ಲೇಖನ ಬರೆಯಲು ನನ್ನನ್ನು ಒತ್ತಾಯಿಸಿದ್ದು ಮುಖ್ಯವಾಗಿ ಆ ಬೇಸರ.

ಕಥೆಯ ಬೇರು ಬೆಂಗಳೂರಿನಲ್ಲಿದೆ. ಎರಡನೇ ಮಹಾಯುದ್ಧ ಶುರುವಾದಾಗ ರಜೆಗೆಂದು ಭಾರತದಲ್ಲಿದ್ದ ಹೋಮಿ ಭಾಭಾ ಕೇಂಬ್ರಿಜ್‌ಗೆ ಮರಳಲಾಗದೆ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ ಸಿ.ವಿ. ರಾಮನ್ ಇದ್ದರು. ವಿಶ್ವಕಿರಣಗಳ ಅಧ್ಯಯನಕ್ಕೆ ಒಂದು ಪುಟ್ಟ ವಿಭಾಗ ಕಟ್ಟಿಕೊಂಡು ಭಾಭಾ ಅಲ್ಲೇ ಕೆಲಸ ಮಾಡಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್ಆರ್, 1945ರ ಜೂನ್ 1ರಂದು ಆರಂಭವಾದದ್ದೂ ಆ ಆವರಣದಲ್ಲೇ. ವರ್ಷದ ಕೊನೆಗೆ ಅದು ಮುಂಬಯಿಗೆ ಹೋಯಿತು. ಹಾಗಾಗಿ 1950ರ ದಶಕದ ಮೊದಲಿಗೆ ಭಾಭಾ ತಮ್ಮ ಸಂಸ್ಥೆಯ ತರುಣರನ್ನು ಕೋಲಾರದ ಗಣಿಗೆ ಕಳಿಸಿದಾಗ ಸ್ವತಃ ಅವರಿಗೆ ಈ ಸೀಮೆ ಹೊಸದಾಗಿರಲಿಲ್ಲ.

ಆ ತರುಣರಲ್ಲಿ ಮುಂದಿದ್ದವರು ಶ್ರೀಕಂಠನ್. 1925ರ ಜೂನ್ 30ರಂದು ಹುಟ್ಟಿದವರು; ನಂಜನಗೂಡು ಹಲ್ಲುಪುಡಿಯಿಂದ ಮನೆಮಾತಾದ ಸದ್ವೈದ್ಯಶಾಲೆಯ ಸ್ಥಾಪಕ ಬಿ.ವಿ. ಪಂಡಿತರ ಮಗ. ನಂಜನಗೂಡು, ಮೈಸೂರುಗಳಲ್ಲಿ ಮೊದಲ ಓದು. ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಆನರ್ಸ್, 1947ರಲ್ಲಿ ಎಂಎಸ್ಸಿ. ಎಂಎಸ್ಸಿಯಲ್ಲಿ ಅವರ ವಿಶೇಷ ವಿಷಯ ವೈರ್‌ಲೆಸ್. ಇದನ್ನು ಬೇಕೆಂದೇ ಎತ್ತಿ ಹೇಳುತ್ತಿದ್ದೇನೆ. ಕೊಂಡುತರಲು ಉಪಕರಣವೂ ಇಲ್ಲದ, ವಿದೇಶಿ ವಿನಿಮಯವೂ ಇಲ್ಲದ ಆ ಕಾಲದಲ್ಲಿ ವಾಲ್ವ್ ಸರ್ಕ್ಯೂಟನ್ನು ಸ್ವಂತ ಕೈಯಿಂದ ಬೆಸುಗೆ ಹಾಕಿ ಓಡಿಸಬಲ್ಲವನಿಗೆ ಮಾತ್ರ ವಿಶ್ವಕಿರಣದ ಪ್ರಯೋಗ ಸಾಧ್ಯವಿತ್ತು. 1948ರಲ್ಲಿ ಟಿಐಎಫ್ಆರ್ ಸೇರಿದ ಶ್ರೀಕಂಠನ್ ಅಂಥ ಕೈ ಇದ್ದವರು.

ಗಣಿಯೇ ಏಕೆ ಬೇಕಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಲ್ಲಿ ಬಹುಪಾಲು ಪ್ರೋಟಾನುಗಳು. ಅವು ವಾತಾವರಣದ ಮೇಲುಸ್ತರದಲ್ಲಿ ಸಾರಜನಕ, ಆಮ್ಲಜನಕಗಳ ಪರಮಾಣು ಬೀಜಕ್ಕೆ ಅಪ್ಪಳಿಸುತ್ತವೆ. ಆ ಕಾಲದ ಯಾವ ಯಂತ್ರವೂ ಕೊಡಲಾಗದಷ್ಟು ಶಕ್ತಿಯ ಡಿಕ್ಕಿಗಳು ಅಲ್ಲಿ ಹಗಲೂ ಇರುಳೂ ನಡೆಯುತ್ತಿರುತ್ತವೆ. ಡಿಕ್ಕಿಯಲ್ಲಿ ಪಯಾನ್ ಎಂಬ ಕಣಗಳು ಹುಟ್ಟಿ, ಕೂಡಲೇ ಒಡೆದು, ಮ್ಯುವಾನ್ ಮತ್ತು ನ್ಯೂಟ್ರಿನೊಗಳಾಗುತ್ತವೆ. ಮ್ಯುವಾನುಗಳು ನೆಲಕ್ಕೆ ತಲುಪುತ್ತವೆ; ಚಾಚಿದ ನಮ್ಮ ಅಂಗೈ ಮೂಲಕ ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ ದಾಟಿಹೋಗುತ್ತವೆ. ಅವುಗಳಿಗೆ ವಿದ್ಯುದಂಶ ಇದೆ, ಆದ್ದರಿಂದ ಬಂಡೆಯೊಳಗೆ ಹೋದಂತೆಲ್ಲ ಶಕ್ತಿ ಕಳೆದುಕೊಂಡು ನಿಲ್ಲುತ್ತವೆ. ಎಷ್ಟು ಆಳದಲ್ಲಿ ಎಷ್ಟು ಮ್ಯುವಾನ್ ಉಳಿದಿವೆ ಎಂದು ಎಣಿಸಿದರೆ, ಮೇಲೆ ನಡೆದ ಡಿಕ್ಕಿಗಳ ಶಕ್ತಿ ಎಷ್ಟಿತ್ತೆಂದು ಹಿಂದಕ್ಕೆ ಲೆಕ್ಕ ಹಾಕಬಹುದು. ಭಾಭಾ ಕೇಳಿದ್ದು ಈ ಲೆಕ್ಕವನ್ನು. ನೆಲದ ಮಟ್ಟದಿಂದ ಮೂರು ಕಿಲೋಮೀಟರ್ ಆಳದವರೆಗೆ ಹಂತಹಂತವಾಗಿ ಇಳಿಯುತ್ತ ಅಳೆಯಲು ಅನುವಿದ್ದ ಜಾಗಗಳು ಆಗ ಜಗತ್ತಿನಲ್ಲಿ ಬಹಳ ಕಡಿಮೆ. ಕೋಲಾರದ ಚಾಂಪಿಯನ್ ರೀಫ್ ಅವುಗಳಲ್ಲೊಂದು.

1951ರ ಸುಮಾರಿಗೆ ಶ್ರೀಕಂಠನ್ ಗೈಗರ್ ಕೌಂಟರುಗಳನ್ನು ಗಣಿಯೊಳಗೆ ಇಳಿಸಿದರು. ಮೊದಮೊದಲು ಸಾವಿರ ಅಡಿಯ ಆಸುಪಾಸಿನವರೆಗಿನ ಆಳ. ಎಸ್. ನಾರಣನ್, ಪಿ.ವಿ. ರಮಣಮೂರ್ತಿ ಜೊತೆಗೂಡಿದರು. ಶಾಫ್ಟಿನ ಬಾಯಲ್ಲಿ ಕೇಜಿಗೆ ಕಾದು, ಗಣಿ ಕಾರ್ಮಿಕರ ಪಾಳಿಗೆ ತಮ್ಮ ಸಮಯ ಹೊಂದಿಸಿಕೊಂಡು, ಬೆವರುವ ಸುರಂಗದಲ್ಲಿ ತೇವಕ್ಕೆ ಕೆಡುವ ಸರ್ಕ್ಯೂಟುಗಳನ್ನು ಕಾಪಾಡುತ್ತ ಎಣಿಕೆ ಬರೆದುಕೊಳ್ಳುವ ಕೆಲಸ ಅದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗಳಿಗೆ. ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿ ಸೇರಿ ಶಿವನಸಮುದ್ರದಲ್ಲಿ ಧುಮುಕುವುದನ್ನು ನೆನೆದರೆ, ಶ್ರೀಕಂಠನ್ ಅವರ ಊರಿಗೂ ಗಣಿಗೂ ಅವರು ಹುಟ್ಟುವ ಮೊದಲೇ ನಂಟಿತ್ತು ಅನ್ನಿಸುತ್ತದೆ.

1960ರ ವೇಳೆಗೆ ಪ್ರಯೋಗ ಬಹಳ ಆಳಕ್ಕೆ ಇಳಿಯಿತು. ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದ ಸಬುರೊ ಮಿಯಾಕೆ, ವಿ.ಎಸ್. ನರಸಿಂಹಂ, ರಮಣಮೂರ್ತಿ ಸೇರಿ ಬೇರೆಬೇರೆ ಆಳಗಳಲ್ಲಿ ಮ್ಯುವಾನುಗಳನ್ನು ಎಣಿಸುತ್ತ ಹೋದರು. ಆಳ ಹೆಚ್ಚಿದಂತೆ ಎಣಿಕೆ ಇಳಿಯಿತು. ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಎರಡು ತಿಂಗಳು ಉಪಕರಣ ಓಡಿಸಿದರೂ ಒಂದು ಮ್ಯುವಾನೂ ಬರಲಿಲ್ಲ.

ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಘಟ್ಟ ಇದು. ಏನೂ ಬರಲಿಲ್ಲ ಎಂಬ ಫಲಿತಾಂಶವನ್ನು ಆ ತಂಡ ಸೋಲೆಂದು ಕಟ್ಟಿಡಲಿಲ್ಲ. ವಿಶ್ವಕಿರಣದ ಗದ್ದಲ ಪೂರ್ತಿ ಅಡಗಿದ ಜಾಗ ಸಿಕ್ಕಿತೆಂದರೆ, ಎಷ್ಟೇ ಬಂಡೆಯಿದ್ದರೂ ತೂರಿ ಬರಬಲ್ಲ ಒಂದೇ ಒಂದು ಕಣವನ್ನು ಅಲ್ಲಿ ಹುಡುಕಬಹುದು ಎಂದು ಅವರು ಓದಿಕೊಂಡರು. ಆ ಕಣ ನ್ಯೂಟ್ರಿನೊ.

ನ್ಯೂಟ್ರಿನೊವನ್ನು 1930ರಲ್ಲಿ ಪೌಲಿ ಊಹಿಸಿದ್ದರು. 1956ರಲ್ಲಿ ಅಮೆರಿಕದ ರೈನ್ಸ್ ಮತ್ತು ಕೋವನ್ ಪರಮಾಣು ರಿಯಾಕ್ಟರಿನ ಬಳಿ ಅದನ್ನು ಹಿಡಿದರು. 1962ರಲ್ಲಿ ಬ್ರೂಕ್‌ಹೇವನ್‌ನ ವೇಗವರ್ಧಕದಲ್ಲಿ ಎರಡನೇ ಬಗೆಯ ನ್ಯೂಟ್ರಿನೊ ಕಂಡಿತು. ಎಲ್ಲವೂ ಮನುಷ್ಯ ಮಾಡಿಕೊಂಡ ಮೂಲಗಳಿಂದ. ಸೂರ್ಯನಿಂದ ಬರುವ ನ್ಯೂಟ್ರಿನೊಗಳು ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರನ್ನು ಸೆಕೆಂಡಿಗೆ ಆರು ಸಾವಿರ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ದಾಟುತ್ತವೆ, ನಮಗೆ ತಿಳಿಯುವುದೇ ಇಲ್ಲ. ವಾತಾವರಣದಲ್ಲಿ ಹುಟ್ಟುವವು ಅದಕ್ಕಿಂತ ಎಷ್ಟೋ ವಿರಳ, ಆದರೆ ಶಕ್ತಿಯಲ್ಲಿ ಎಷ್ಟೋ ಪಟ್ಟು ಹೆಚ್ಚಿನವು. ಅಂಥದೊಂದು ಅಪರೂಪಕ್ಕೆ ಗಣಿಯ ಸುತ್ತಲಿನ ಬಂಡೆಯಲ್ಲಿ ಒಂದು ಬೀಜಕ್ಕೆ ತಗುಲಿದರೆ ಮ್ಯುವಾನ್ ಹುಟ್ಟುತ್ತದೆ. ಆ ಮ್ಯುವಾನನ್ನು ಹಿಡಿಯಬೇಕು.

ಎಂ.ಜಿ.ಕೆ. ಮೆನನ್ ಅವರ ಮುಂದಾಳುತನದಲ್ಲಿ ಟಿಐಎಫ್ಆರ್, ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯಗಳು ಕೈಜೋಡಿಸಿದವು. ಡರ್ಹಂ ತಂಡದ ಮುಖ್ಯಸ್ಥ ಆರ್ನಲ್ಡ್ ವುಲ್ಫೆಂಡೇಲ್ ಮುಂದೆ ಬ್ರಿಟನ್ನಿನ ರಾಜ ಖಗೋಳಜ್ಞರಾದರು. ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನಲ್ಲಿ 7,600 ಅಡಿ, ಅಂದರೆ 2.3 ಕಿಲೋಮೀಟರ್ ಆಳದಲ್ಲಿ ಪ್ರಯೋಗಶಾಲೆ ಸಿದ್ಧವಾಯಿತು. ಡರ್ಹಂನವರು ನಿಯಾನ್ ಫ್ಲ್ಯಾಶ್ ಟ್ಯೂಬುಗಳಲ್ಲಿ ನುರಿತವರು, ಜಪಾನಿನವರು ಸಿಂಟಿಲೇಟರಿನಲ್ಲಿ. ಮ್ಯುವಾನ್ ಹಾದಾಗ ಪ್ಲಾಸ್ಟಿಕ್ ಸಿಂಟಿಲೇಟರಿನಲ್ಲಿ ಬೆಳಕಿನ ಕಿಡಿ ಏಳುತ್ತದೆ. ಅದೇ ಕ್ಷಣಕ್ಕೆ ಫ್ಲ್ಯಾಶ್ ಟ್ಯೂಬುಗಳಿಗೆ ಹೆಚ್ಚಿನ ವೋಲ್ಟೇಜು ಕೊಟ್ಟರೆ ಕಣ ಹೋದ ದಾರಿಯುದ್ದಕ್ಕೂ ಟ್ಯೂಬುಗಳು ಹೊಳೆಯುತ್ತವೆ. ಕ್ಯಾಮೆರಾ ಅದನ್ನು ಫಿಲ್ಮಿನ ಮೇಲೆ ಹಿಡಿಯುತ್ತದೆ.

ಜಾಣತನ ಇದ್ದದ್ದು ಜೋಡಣೆಯಲ್ಲಿ. ಅಷ್ಟು ಆಳಕ್ಕೆ ವಾತಾವರಣದ ಮ್ಯುವಾನೊಂದು ಬಂದರೂ ಅದು ನೆಟ್ಟಗೆ ಮೇಲಿನಿಂದಲೇ ಬರಬೇಕು, ಏಕೆಂದರೆ ಓರೆಯಾಗಿ ಬರುವ ದಾರಿಯಲ್ಲಿ ಬಂಡೆ ಇನ್ನೂ ಹೆಚ್ಚು. ನ್ಯೂಟ್ರಿನೊಗೆ ಅಂಥ ಕಟ್ಟಿಲ್ಲ, ಅಡ್ಡದಿಕ್ಕಿನಿಂದಲೂ ಬರುತ್ತದೆ, ಭೂಮಿಯನ್ನೇ ತೂರಿ ಕೆಳಗಿನಿಂದಲೂ ಬರುತ್ತದೆ. ಆದ್ದರಿಂದ ಸಿಂಟಿಲೇಟರುಗಳನ್ನು ಎದುರುಬದುರು ಗೋಡೆಗಳಂತೆ ನಿಲ್ಲಿಸಿದರು. ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ಎರಡೂ ಗೋಡೆ ದಾಟಿದ ಮ್ಯುವಾನ್ ಕಂಡಿತೆಂದರೆ ಅದರ ಹಿಂದೆ ನ್ಯೂಟ್ರಿನೊ ಇದೆ ಎಂದೇ ಅರ್ಥ. ಇಷ್ಟು ಸರಳವಾದ ಆಲೋಚನೆಯ ಮೇಲೆ ಇಷ್ಟು ಗಟ್ಟಿಯಾದ ಪ್ರಯೋಗ ನಿಂತದ್ದನ್ನು ನಮ್ಮ ವಿದ್ಯಾರ್ಥಿಗಳಿಗೆ ಕಪ್ಪುಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ತೋರಿಸಬಹುದು.

1965ರ ವಸಂತದಲ್ಲಿ ಎಣಿಕೆ ಶುರುವಾಯಿತು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಈಸ್ಟ್ ರಾಂಡ್ ಚಿನ್ನದ ಗಣಿಯಲ್ಲಿ, 3.2 ಕಿಲೋಮೀಟರ್ ಆಳದಲ್ಲಿ, ರೈನ್ಸ್ ಅವರ ತಂಡ ಅದೇ ಬೇಟೆಯಲ್ಲಿತ್ತು. ಅವರು ತಿಂಗಳುಗಳ ಮೊದಲೇ ಆರಂಭಿಸಿದ್ದರು, ಮೊದಲ ಘಟನೆ ಅವರಿಗೆ ಫೆಬ್ರುವರಿ 23ಕ್ಕೇ ಸಿಕ್ಕಿತ್ತು. ಆದರೆ ಕೋಲಾರದ ಲೇಖನ ಪತ್ರಿಕೆಗೆ ತಲುಪಿದ್ದು ಜುಲೈ 12ರಂದು, ರೈನ್ಸ್ ತಂಡದ್ದು ಜುಲೈ 26ರಂದು. ಅಚ್ಚಾದದ್ದೂ ಅದೇ ಕ್ರಮದಲ್ಲಿ, ಆಗಸ್ಟ್ 15 ಮತ್ತು 30. ಯಾರು ಮೊದಲು ಎಂಬ ಪೈಪೋಟಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ನೋಡಿದವರು ಅವರು ಮೊದಲು, ಪ್ರಕಟಿಸಿದವರು ನಾವು ಮೊದಲು; ಕೀರ್ತಿ ಇಬ್ಬರದೂ ಎಂದು ವಿಜ್ಞಾನದ ಇತಿಹಾಸ ಒಪ್ಪಿಕೊಂಡಿದೆ. ಸ್ವಾತಂತ್ರ್ಯ ಬಂದು ಹದಿನೆಂಟು ವರ್ಷಕ್ಕೆ, ಆಹಾರಧಾನ್ಯಕ್ಕೆ ಹೊರದೇಶದ ಹಡಗು ಕಾಯುತ್ತಿದ್ದ ದೇಶವೊಂದು ಆ ಸಾಲಿನಲ್ಲಿ ಸಮನಾಗಿ ನಿಂತಿತು ಎಂಬುದು ದೊಡ್ಡ ಮಾತು.

ಮರುವರ್ಷ ಜನವರಿ 24ರಂದು ಮೋಂ ಬ್ಲಾಂ ಪರ್ವತದಲ್ಲಿ ವಿಮಾನ ಅಪಘಾತವಾಗಿ ಭಾಭಾ ತೀರಿಕೊಂಡರು. ಮೆನನ್ ಟಿಐಎಫ್ಆರ್ ನಿರ್ದೇಶಕರಾದರು. ಗಣಿಯ ಕೆಲಸ ನಿಲ್ಲಲಿಲ್ಲ. ಒಂದರ ಹಿಂದೊಂದರಂತೆ ಒಟ್ಟು ಏಳು ಉಪಕರಣ ಸಮೂಹಗಳು ಕೆಳಗೆ ದುಡಿದವು. ಕೆಲವಕ್ಕೆ ಮ್ಯುವಾನಿನ ದಾರಿ ಬಾಗಿಸುವ ಕಾಂತಗಳೂ ಇದ್ದವು. ಸಿಕ್ಕ ನ್ಯೂಟ್ರಿನೊ ಘಟನೆಗಳು ವರ್ಷಕ್ಕೆ ಕೆಲವೇ ಕೆಲವು. ಶಕ್ತಿ ಹೆಚ್ಚಿದಂತೆ ನ್ಯೂಟ್ರಿನೊ ಬೀಜಕ್ಕೆ ತಗುಲುವ ಸಂಭವ ಎಷ್ಟು ಹೆಚ್ಚುತ್ತದೆ ಎಂಬ ಪ್ರಶ್ನೆಗೆ ಆಗಿನ ವೇಗವರ್ಧಕಗಳು ತಲುಪಲಾರದ ಎತ್ತರದಲ್ಲಿ ಉತ್ತರ ಹುಡುಕಲು ಈ ಕೆಲವೇ ಘಟನೆಗಳು ನೆರವಾದವು.

ನೆಲದ ಮೇಲೆಯೂ ಕೆಲಸವಿತ್ತು. ಅತಿ ಹೆಚ್ಚಿನ ಶಕ್ತಿಯ ವಿಶ್ವಕಿರಣವೊಂದು ಅಪ್ಪಳಿಸಿದಾಗ ಲಕ್ಷಾಂತರ ಕಣಗಳ ಮಳೆ ನೆಲಕ್ಕಿಳಿಯುತ್ತದೆ. ಕೆಜಿಎಫ್‌ನಲ್ಲಿ ಆ ಮಳೆಯನ್ನು ಮೇಲೆ ಹಿಡಿಯುವ ಉಪಕರಣಗಳ ಹರಹು, ಅದರ ಮ್ಯುವಾನುಗಳನ್ನು ಕೆಳಗಿನ ಸುರಂಗದಲ್ಲಿ ಹಿಡಿಯುವ ಉಪಕರಣ, ಎರಡೂ ಒಟ್ಟಿಗೆ ನಡೆದವು. ಉದಕಮಂಡಲದಲ್ಲಿ ಸಮುದ್ರಮಟ್ಟದಿಂದ 2,200 ಮೀಟರ್ ಎತ್ತರದಲ್ಲಿ ಟಿಐಎಫ್ಆರ್ ಇನ್ನೊಂದು ಪ್ರಯೋಗಶಾಲೆ ಕಟ್ಟಿತ್ತು. ದೊಡ್ಡ ಕ್ಲೌಡ್ ಚೇಂಬರ್ ಮತ್ತು ಕ್ಯಾಲರಿಮೀಟರುಗಳಿಂದ ಹೆಚ್ಚಿನ ಶಕ್ತಿಯ ಡಿಕ್ಕಿಗಳಲ್ಲಿ ಯಾವ ಕಣಗಳು ಎಷ್ಟು ಹುಟ್ಟುತ್ತವೆ ಎಂದು ಶ್ರೀಕಂಠನ್ ಮತ್ತು ಅವರ ಶಿಷ್ಯರು ಅಲ್ಲಿ ಅಧ್ಯಯನ ಮಾಡಿದರು. ಅಲ್ಲಿನ ಗ್ರೇಪ್ಸ್-3 ಪ್ರಯೋಗ, ಒಸಾಕಾದ ಗೆಳೆತನದ ಸಮೇತ, ಆ ಪರಂಪರೆಯನ್ನು ಮುಂದುವರಿಸಿದೆ. ಒಂದರ್ಥದಲ್ಲಿ ಕೆಜಿಎಫ್ ಆಳದ ಕಿವಿಯಾದರೆ ಊಟಿ ಎತ್ತರದ ಕಣ್ಣು.

1970ರ ದಶಕದಲ್ಲಿ ಗಣಿಯ ಫಿಲ್ಮುಗಳಲ್ಲಿ ಕೆಲವು ವಿಚಿತ್ರ ಘಟನೆಗಳು ಕಂಡವು. ಬಂಡೆಯ ಆಚೆ, ಗುಹೆಯ ಗಾಳಿಯಲ್ಲಿ ಒಂದು ಬಿಂದುವಿನಿಂದ ಹಲವು ಗೆರೆಗಳು ಹೊರಟಂತೆ. ತಿಳಿದ ಯಾವ ಕಣದಿಂದಲೂ ಅದನ್ನು ವಿವರಿಸಲಾಗಲಿಲ್ಲ. 1975ರಲ್ಲಿ ತಂಡ ಅದನ್ನು ಪ್ರಕಟಿಸಿತು. ಜಗತ್ತು ಅವುಗಳನ್ನು 'ಕೋಲಾರ ಘಟನೆಗಳು' ಎಂದು ಕರೆಯಿತು. ಹೊಸ ಕಣವಿರಬಹುದೆಂದು ಸಿದ್ಧಾಂತಿಗಳು ಬರೆದರು. ಬೇರೆಲ್ಲೂ ಅದು ಮತ್ತೆ ಕಾಣಲಿಲ್ಲ, ಪ್ರಶ್ನೆ ಇನ್ನೂ ಹಾಗೇ ಉಳಿದಿದೆ. ಉತ್ತರ ಗೊತ್ತಿಲ್ಲದಾಗಲೂ ಕಂಡದ್ದನ್ನು ಕಂಡಂತೆ ಪ್ರಕಟಿಸಿದ ಆ ಧೈರ್ಯವನ್ನು ನಾನು ಗೌರವಿಸುತ್ತೇನೆ.

ಅದೇ ದಶಕದಲ್ಲಿ ಹೊಸ ಸಿದ್ಧಾಂತಗಳು ಪ್ರೋಟಾನ್ ಶಾಶ್ವತವಲ್ಲ, ಎಂದಾದರೊಮ್ಮೆ ಒಡೆಯುತ್ತದೆ ಎಂದು ಹೇಳತೊಡಗಿದವು. ಇಡೀ ವಿಶ್ವದ ವಯಸ್ಸಿನ ಎಷ್ಟೋ ಕೋಟಿ ಕೋಟಿ ಪಟ್ಟು ಬದುಕುವ ಪ್ರೋಟಾನ್ ಒಡೆಯುವುದನ್ನು ನೋಡಬೇಕಾದರೆ ಅಪಾರ ಸಂಖ್ಯೆಯ ಪ್ರೋಟಾನುಗಳನ್ನು ಒಟ್ಟಿಗೆ ಇಟ್ಟು ಕಾಯಬೇಕು. ಆಗ ಟಿಐಎಫ್ಆರ್ ನಿರ್ದೇಶಕರಾಗಿದ್ದವರು ಶ್ರೀಕಂಠನ್. 1975ರಿಂದ 1987ರವರೆಗೆ ಆ ಹೊಣೆ ಹೊತ್ತರು. ಗಣಿಯ 2.3 ಕಿಲೋಮೀಟರ್ ಆಳದಲ್ಲಿ 140 ಟನ್ ಕಬ್ಬಿಣದ ಉಪಕರಣ 1980ರ ಕೊನೆಯಲ್ಲಿ ಕಾಯಲು ಕುಳಿತಿತು. ಚೌಕಾಕಾರದ ಕಬ್ಬಿಣದ ಕೊಳವೆಗಳಲ್ಲಿ ಅನಿಲ ತುಂಬಿ ಮಾಡಿದ ಪ್ರೊಪೋರ್ಷನಲ್ ಕೌಂಟರುಗಳ 34 ಪದರಗಳು, ನಡುವೆ ಕಬ್ಬಿಣದ ತಗಡುಗಳು. ಪ್ರೋಟಾನ್ ಒಡೆಯುವುದನ್ನು ನೋಡಲೆಂದೇ ಕಟ್ಟಿದ ಜಗತ್ತಿನ ಮೊದಲ ಪ್ರಯೋಗ ಇದು. 1985ರಲ್ಲಿ 2 ಕಿಲೋಮೀಟರ್ ಆಳದಲ್ಲಿ 260 ಟನ್ನಿನ ಇನ್ನೊಂದು ಸೇರಿತು.

ಪ್ರೋಟಾನ್ ಒಡೆದಿರಬಹುದು ಎನ್ನಿಸುವ ಕೆಲವು ಘಟನೆಗಳನ್ನು ತಂಡ ಪ್ರಕಟಿಸಿತು. ಜಗತ್ತಿನಾದ್ಯಂತ ಸುದ್ದಿಯಾಯಿತು. ಆದರೆ ಅಮೆರಿಕದ ಐಎಂಬಿ, ಜಪಾನಿನ ಕಮಿಯೊಕಾಂಡೆ ಸಾವಿರಾರು ಟನ್ ನೀರು ತುಂಬಿಕೊಂಡು ಕಾದರೂ ಅಂಥದೇನೂ ಅವಕ್ಕೆ ಕಾಣಲಿಲ್ಲ. ಇವತ್ತಿನ ಲೆಕ್ಕದ ಪ್ರಕಾರ ಪ್ರೋಟಾನಿನ ಆಯುಷ್ಯ ಆಗ ಅಂದುಕೊಂಡದ್ದಕ್ಕಿಂತ ಕಡಿಮೆಯೆಂದರೂ ನೂರಾರು ಪಟ್ಟು ಹೆಚ್ಚು. ಕೋಲಾರದಲ್ಲಿ ಕಂಡವು ಬಹುಶಃ ನ್ಯೂಟ್ರಿನೊಗಳೇ ಉಂಟುಮಾಡಿದ ಘಟನೆಗಳಿರಬೇಕು. ವಿಪರ್ಯಾಸವೆಂದರೆ ಕಮಿಯೊಕಾಂಡೆಯೂ ಪ್ರೋಟಾನನ್ನು ಹುಡುಕಲು ಹೊರಟು, ಅಡ್ಡಬರುವ ವಾತಾವರಣದ ನ್ಯೂಟ್ರಿನೊಗಳನ್ನೇ ಎಣಿಸುತ್ತ ಕೂತಿತು. ಆ ಎಣಿಕೆಯಲ್ಲಿ ಕೊರತೆ ಕಂಡಿತು. 1998ರಲ್ಲಿ ಅದರ ಉತ್ತರಾಧಿಕಾರಿ ಸೂಪರ್ ಕಮಿಯೊಕಾಂಡೆ ನ್ಯೂಟ್ರಿನೊ ದಾರಿಯಲ್ಲಿ ತನ್ನ ಬಗೆ ಬದಲಿಸುತ್ತದೆ, ಅದಕ್ಕೆ ದ್ರವ್ಯರಾಶಿ ಇದೆ ಎಂದು ಸಾರಿತು. 2015ರಲ್ಲಿ ಕಾಜಿಟಾ ಅವರಿಗೆ ನೊಬೆಲ್ ಬಂತು. ಆ ನೊಬೆಲ್ಲಿಗೆ ದಾರಿಯಾದ ಕಣಗಳನ್ನು ಮೊದಲು ವರದಿ ಮಾಡಿದ್ದು ಕೋಲಾರ.

ನಾವು ಅಲ್ಲಿಯವರೆಗೆ ಏಕೆ ಹೋಗಲಿಲ್ಲ? ನನ್ನ ತೀರ್ಮಾನ ಹೀಗಿದೆ. ಕೆಜಿಎಫ್ ಪ್ರಯೋಗಶಾಲೆ ಕಡೆಯತನಕ ಗಣಿಯ ಮನೆಯಲ್ಲಿ ಬಾಡಿಗೆಗಿದ್ದ ಸಂಸಾರ. ಶಾಫ್ಟು, ಕೇಜು, ಗಾಳಿ, ನೀರೆತ್ತುವ ಪಂಪು, ವಿದ್ಯುತ್ತು, ಸುರಂಗ ಕೊರೆಯುವ ನುರಿತ ಕೈಗಳು, ಎಲ್ಲವನ್ನೂ ಗಣಿಯೇ ಕೊಟ್ಟಿತು. ಅದರಿಂದಲೇ ಬಡದೇಶವೊಂದು ಕಡಿಮೆ ಖರ್ಚಿನಲ್ಲಿ ಜಗತ್ತಿನ ಅತಿ ಆಳದ ಪ್ರಯೋಗಶಾಲೆಗಳಲ್ಲೊಂದನ್ನು ನಡೆಸಲು ಸಾಧ್ಯವಾಯಿತು. ಮಾಲೀಕನ ಮನೆ ಬಿದ್ದಾಗ ಸಂಸಾರ ಬೀದಿಗೆ ಬಂತು. ಚಿನ್ನದ ಅದಿರು ತೆಳುವಾಗಿ, ನಷ್ಟ ಏರಿ, ಗಣಿ ಒಂದೊಂದೇ ಮಟ್ಟವನ್ನು ಕೈಬಿಡತೊಡಗಿದಾಗ 1990ರ ದಶಕದ ಆರಂಭದಲ್ಲಿ ಪ್ರಯೋಗಗಳೂ ಮುಗಿದವು. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಗಣಿಗಾರಿಕೆಯನ್ನೇ ನಿಲ್ಲಿಸಿತು. ಪಂಪುಗಳು ನಿಂತ ಮೇಲೆ ನೀರು ಏರಿತು. ಜಪಾನು ತನ್ನ ಕಮಿಯೊಕಾ ಗಣಿಯಲ್ಲಿ ವಿಜ್ಞಾನಕ್ಕೆ ನೆಲೆ ಉಳಿಸಿಕೊಂಡಿತು, ನಾವು ಉಳಿಸಿಕೊಳ್ಳಲಿಲ್ಲ.

ಸಾವಿರಾರು ಕಾರ್ಮಿಕ ಕುಟುಂಬಗಳು ಕೆಲಸ ಕಳೆದುಕೊಂಡ ದುಃಖದ ಮುಂದೆ ಒಂದು ಪ್ರಯೋಗಶಾಲೆಯ ನಷ್ಟ ಚಿಕ್ಕದು, ಅದನ್ನು ಮರೆಯಬಾರದು. ಆ ವಿಜ್ಞಾನಿಗಳ ಉಪಕರಣಗಳನ್ನು ಕೆಳಗಿಳಿಸಿದವರು, ಬಂಡೆ ಸಿಡಿಯುವ ಭಯದ ನಡುವೆ ಅವರಿಗಾಗಿ ಕೋಣೆ ಕೊರೆದವರು ಆ ಕಾರ್ಮಿಕರೇ. ಲೇಖನಗಳಲ್ಲಿ ಅವರ ಹೆಸರಿಲ್ಲ.

ಅನಂತರ ಭಾರತದ ನ್ಯೂಟ್ರಿನೊ ವೀಕ್ಷಣಾಲಯದ ಯೋಜನೆ ಬಂತು. 50,000 ಟನ್ ಕಾಂತೀಕರಿಸಿದ ಕಬ್ಬಿಣದ ಆ ಉಪಕರಣಕ್ಕೆ ಮೊದಲು ಆರಿಸಿದ್ದು ನಮ್ಮ ನೆರೆಯ ನೀಲಗಿರಿಯ ಸಿಂಗಾರ. ಆನೆಗಳ ಓಡಾಟದ ದಾರಿ, ಮುದುಮಲೆ ಹುಲಿ ಅಭಯಾರಣ್ಯದ ಅಂಚು ಎಂಬ ಕಾರಣಕ್ಕೆ 2009ರಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಆ ಆಕ್ಷೇಪ ಸರಿಯಾದದ್ದೇ. ಬಳಿಕ ಆರಿಸಿದ ತೇನಿ ಜಿಲ್ಲೆಯ ಬೋಡಿ ಪಶ್ಚಿಮ ಬೆಟ್ಟಕ್ಕೆ 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಅನುಮತಿ ಕೊಟ್ಟರೂ ಸ್ಥಳೀಯ ವಿರೋಧ ಮತ್ತು ಮೊಕದ್ದಮೆಗಳಲ್ಲಿ ಅದು ಸಿಕ್ಕಿಕೊಂಡಿತು. ಹೊಸ ಬೆಟ್ಟ ಕೊರೆಯುವ ಮೊದಲು ಇದ್ದ ಗಣಿಯನ್ನು ಉಳಿಸಿಕೊಳ್ಳುವ ಯೋಚನೆ ಹತ್ತು ವರ್ಷ ಮುಂಚೆ ಬಂದಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ.

ಶ್ರೀಕಂಠನ್ 1988ರಲ್ಲಿ ಪದ್ಮಭೂಷಣ ಪಡೆದರು. ನಿವೃತ್ತಿಯ ಬಳಿಕ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರಜ್ಞೆ ಮತ್ತು ವಿಜ್ಞಾನದ ನಂಟಿನ ಬಗ್ಗೆ ಚಿಂತಿಸುತ್ತ ಬರೆದರು. 2019ರ ಅಕ್ಟೋಬರ್ 27ರಂದು, 94ರ ವಯಸ್ಸಿನಲ್ಲಿ ತೀರಿಕೊಂಡರು. ಮೆನನ್ 2016ರಲ್ಲಿ, ವುಲ್ಫೆಂಡೇಲ್ 2020ರಲ್ಲಿ ಹೋದರು. ಗಣಿಯ ಆ ಆಳವನ್ನು ಕಣ್ಣಾರೆ ಕಂಡ ತಲೆಮಾರು ಸರಿಯುತ್ತಿದೆ.

ಅದಕ್ಕೇ ಓದುಗರಲ್ಲಿ ಒಂದು ಕೋರಿಕೆ. ಮೈಸೂರು, ನಂಜನಗೂಡು, ಬೆಂಗಳೂರು, ಕೆಜಿಎಫ್‌ಗಳಲ್ಲಿ ಈ ಪ್ರಯೋಗಕ್ಕೆ ದುಡಿದವರ ಮನೆಗಳಿವೆ: ವಿಜ್ಞಾನಿಗಳು, ತಂತ್ರಜ್ಞರು, ಗಣಿ ಕಾರ್ಮಿಕರು. ಅಟ್ಟದ ಮೇಲೆ, ಟ್ರಂಕಿನೊಳಗೆ ಹಳೆಯ ಫೋಟೊ, ಪತ್ರ, ಎಣಿಕೆಯ ಪುಸ್ತಕ, ಫಿಲ್ಮಿನ ತುಂಡು ಇದ್ದರೆ ಹಳೆಯ ಕಾಗದದ ಅಂಗಡಿಗೆ ಹಾಕಬೇಡಿ. ಸಮೀಪದ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೋ ಟಿಐಎಫ್ಆರ್‌ನ ದಾಖಲೆ ಭಂಡಾರಕ್ಕೋ ಒಪ್ಪಿಸಿ. ಮನೆಯಲ್ಲಿ ಹಿರಿಯರು ಇನ್ನೂ ಇದ್ದರೆ, ಗಣಿಗೆ ಇಳಿದ ಅವರ ನೆನಪುಗಳನ್ನು ಈಗಲೇ ಕೂರಿಸಿ ಕೇಳಿ, ಬರೆದಿಟ್ಟುಕೊಳ್ಳಿ.